ಹಳೆಯ ಮನೆ ಕೊಳ್ಳುವ ಮುನ್ನ: ವಸತಿ ಆಸ್ತಿಯಲ್ಲಿ ಮೊದಲ ಹೆಜ್ಜೆ

(ಸಂಘದ ವಾರ್ಷಿಕ ಮಾರ್ಗದರ್ಶನ ಶಿಬಿರದಲ್ಲಿ ಸಿವಿಲ್ ಇಂಜಿನಿಯರರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂತಹ ಶಿಬಿರಗಳಲ್ಲಿ ಸಾಮಾನ್ಯವಾಗಿ ಐ.ಎ.ಎಸ್., ವೈದ್ಯಕೀಯ, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ಬಗ್ಗೆ ಮಾತನಾಡಬಲ್ಲವರನ್ನು ಕರೆಯುವುದು ವಾಡಿಕೆ. ಈ ಬಾರಿ ಸಂಘಟಕರು ಮನೆ ಕೊಳ್ಳುವ, ಹಳೆಯ ಮನೆಯನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ವಿಷಯವನ್ನು ನನಗೆ ವಹಿಸಿದ್ದಾರೆ. ವಿದ್ಯಾರ್ಥಿಗಳಿಗೆ ಇದೇಕೆ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಕರಾವಳಿಯ ನಮ್ಮ ಸಾಮಾನ್ಯ ಕುಟುಂಬವೊಂದು ಜೀವಮಾನದಲ್ಲಿ ಒಮ್ಮೆಗೆ ಖರ್ಚು ಮಾಡುವ ಅತಿ ದೊಡ್ಡ ಮೊತ್ತ ಜಾಗಕ್ಕೋ ಮನೆಗೋ ಹೋಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಒಂದು ಮೊಬೈಲ್ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ನಾವು, ನಲ್ವತ್ತು ಲಕ್ಷದ ಮನೆಯನ್ನು ಪರಿಚಯದ ದಲ್ಲಾಳಿಯ ಮಾತಿನ ಮೇಲೆ ಒಂದೇ ಸಂಜೆಯಲ್ಲಿ ನಿಶ್ಚಯಿಸಿಬಿಡುತ್ತೇವೆ. ಹೀಗಾಗಿ ಈ ವಿಷಯವೂ ಶಿಕ್ಷಣದ ಒಂದು ಭಾಗವೇ ಎಂದು ನನ್ನ ಅಭಿಪ್ರಾಯ.

ಮೊದಲು ಒಂದು ದೃಶ್ಯವನ್ನು ನೆನಪಿಸುತ್ತೇನೆ. ಉಡುಪಿಯಿಂದ ಉಳ್ಳಾಲದವರೆಗೆ, ಒಳಗೆ ಬಂಟ್ವಾಳ, ಪುತ್ತೂರಿನವರೆಗೆ ಹೋಗಿ ನೋಡಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಹಣದಿಂದ ಕಟ್ಟಿದ ಎರಡು ಮಾಳಿಗೆಯ ದೊಡ್ಡ ಮನೆಗಳು ಸಾಲು ಸಾಲಾಗಿ ನಿಂತಿವೆ. ಅವುಗಳಲ್ಲಿ ಅನೇಕವು ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿರುತ್ತವೆ. ಕೆಲವುಗಳಲ್ಲಿ ವಯಸ್ಸಾದ ತಂದೆ ತಾಯಿ ಕೆಳಗಿನ ಒಂದೇ ಕೋಣೆಯನ್ನು ಬಳಸುತ್ತಾ, ಉಳಿದ ಆರು ಕೋಣೆಗಳ ಧೂಳು ಗುಡಿಸುವುದು ಹೇಗೆಂದು ಚಿಂತಿಸುತ್ತಾರೆ. ಆ ಮನೆ ಅಭಿಮಾನದ ಸಂಕೇತ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹೂಡಿಕೆಯಲ್ಲ, ಖರ್ಚು. ಹೂಡಿಕೆಯ ಮನೆಗೆ ಕೊಂಡ ದಿನದಿಂದಲೇ ಒಂದು ಲೆಕ್ಕವಿರುತ್ತದೆ, ಅದರಲ್ಲಿ ವಾಸಿಸಲು ಮತ್ತೊಬ್ಬರಿರುತ್ತಾರೆ, ತಿಂಗಳು ತಿಂಗಳು ಏನಾದರೂ ಬರುತ್ತದೆ. ಅದೇ ಹಣದಲ್ಲಿ ಅರ್ಧವನ್ನು ಸ್ವಂತ ಮನೆಗೆ ಮಿತಿಗೊಳಿಸಿ, ಇನ್ನರ್ಧದಲ್ಲಿ ಕಾಲೇಜು, ಆಸ್ಪತ್ರೆಗಳ ಸಮೀಪದಲ್ಲಿ ಒಂದು ಹಳೆಯ ಚಿಕ್ಕ ಮನೆ ಕೊಂಡಿದ್ದರೆ, ಕೆಲಸ ಬಿಟ್ಟು ಊರಿಗೆ ಮರಳಿದ ಮೇಲೆ ಕೈಯಲ್ಲಿ ಏನಾದರೂ ಉಳಿಯುತ್ತಿತ್ತು.

ಹಾಗೆಂದು ಇದು ಬೇಗ ಶ್ರೀಮಂತರಾಗುವ ದಾರಿಯೆಂದು ಯಾರೂ ಭಾವಿಸಬೇಡಿ. ಹಳೆಯ ಮನೆ ಕೊಂಡು, ಬಣ್ಣ ಬಳಿದು, ಆರು ತಿಂಗಳಲ್ಲಿ ಮಾರಿ ಲಾಭ ಮಾಡುವ ಕತೆಗಳನ್ನು ವಿದ್ಯಾರ್ಥಿಗಳು ಅಮೆರಿಕದ ಪುಸ್ತಕಗಳಲ್ಲಿ ಓದಿರುತ್ತೀರಿ. ಅಲ್ಲಿ ಮೂವತ್ತು ವರ್ಷ ಬದಲಾಗದ ಬಡ್ಡಿಯ ಸಾಲವಿದೆ, ಹಕ್ಕುಪತ್ರಕ್ಕೆ ವಿಮೆ ಮಾಡಿಸುವ ರೂಢಿಯಿದೆ. ನಮ್ಮಲ್ಲಿಯ ಪರಿಸ್ಥಿತಿಯೇ ಬೇರೆ. ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ, ವಿದ್ಯಾರ್ಥಿಗಳು ಬರೆದುಕೊಳ್ಳಬಹುದು.

ನಗರ ವ್ಯಾಪ್ತಿಯಲ್ಲಿ ಹಳೆಯ ಮನೆಯೊಂದರ ಕ್ರಯ 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 3 ಲಕ್ಷದ 4 ಸಾವಿರ. ದಲ್ಲಾಳಿ, ವಕೀಲರು, ಅಳತೆ ಇವುಗಳಿಗೆ 80 ಸಾವಿರ ಹಿಡಿಯೋಣ. ದುರಸ್ತಿಯ ಅಂದಾಜು 8 ಲಕ್ಷ. ಹಳೆಯ ಮನೆಯ ಗೋಡೆ ಒಡೆದ ಮೇಲೆಯೇ ಒಳಗಿನದು ಕಾಣುವುದರಿಂದ ಅದರ ಮೇಲೆ ಶೇ. 20 ಹೆಚ್ಚುವರಿ ಇಡಲೇಬೇಕು, ಅಲ್ಲಿಗೆ 9 ಲಕ್ಷ 60 ಸಾವಿರ. ಎಲ್ಲ ಕೂಡಿದರೆ 53 ಲಕ್ಷ 44 ಸಾವಿರ. ಅಂದರೆ ಕೊಂಡ ಬೆಲೆಗಿಂತ ಶೇ. 33ಕ್ಕೂ ಹೆಚ್ಚು ಬೆಲೆಗೆ ಮಾರಿದರೆ ಮಾತ್ರ ಹಾಕಿದ ಹಣ ಕೈಗೆ ಬಂತು, ಲಾಭದ ಮಾತು ಆಮೇಲೆ. ಎರಡು ವರ್ಷದೊಳಗೆ ಮಾರಿದರೆ ಬಂದ ಲಾಭವು ನಿಮ್ಮ ಉಳಿದ ಆದಾಯದ ಜೊತೆ ಸೇರಿ ಸಾಮಾನ್ಯ ದರದಲ್ಲಿಯೇ ತೆರಿಗೆಗೆ ಒಳಪಡುತ್ತದೆ. ಎರಡು ವರ್ಷ ಕಳೆದ ಮೇಲೆ ಮಾರಿದರೆ, 2024ರ ಜುಲೈ 23ರ ನಂತರದ ನಿಯಮದಂತೆ ಶೇ. 12.5. ದುರಸ್ತಿಯ ಖರ್ಚನ್ನು ಲಾಭದಿಂದ ಕಳೆಯಬಹುದು, ಆದರೆ ಬಿಲ್ಲು ಇದ್ದರೆ ಮಾತ್ರ. ಮೇಸ್ತ್ರಿಗೆ ಕೈಯಲ್ಲಿ ಕೊಟ್ಟ ಹಣಕ್ಕೆ ತೆರಿಗೆ ಇಲಾಖೆಯಲ್ಲಿ ಸಾಕ್ಷಿಯಿಲ್ಲ.

ಈಗ ಬಾಡಿಗೆಯ ಲೆಕ್ಕ. ತಿಂಗಳಿಗೆ 16 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 1 ಲಕ್ಷ 92 ಸಾವಿರ. ಒಂದು ತಿಂಗಳು ಮನೆ ಖಾಲಿ ಇರುತ್ತದೆ, ಕಂದಾಯ ಮತ್ತು ಸಣ್ಣಪುಟ್ಟ ದುರಸ್ತಿಗೆ 24 ಸಾವಿರ ಹೋಗುತ್ತದೆ. ಉಳಿಯುವುದು 1 ಲಕ್ಷ 52 ಸಾವಿರ. ಹಾಕಿದ ಹಣದ ಮೇಲೆ ಶೇ. 3ನ್ನೂ ಮುಟ್ಟುವುದಿಲ್ಲ! ಇದನ್ನೇ ಒಂದೂವರೆ ಲಕ್ಷ ಹೆಚ್ಚು ಖರ್ಚು ಮಾಡಿ, ಇನ್ನೊಂದು ಅಡುಗೆಕೋಣೆ ಮತ್ತು ಪ್ರತ್ಯೇಕ ಬಾಗಿಲು ಇಟ್ಟು ಎರಡು ಚಿಕ್ಕ ಮನೆಗಳಾಗಿ ವಿಂಗಡಿಸಿ, ತಲಾ 11 ಸಾವಿರಕ್ಕೆ ಕೊಟ್ಟರೆ ಖರ್ಚು ಕಳೆದು ವರ್ಷಕ್ಕೆ ಸುಮಾರು 2 ಲಕ್ಷ 12 ಸಾವಿರ ಉಳಿದೀತು. ಆಗ ಶೇ. 4ರ ಹತ್ತಿರ ಬರುತ್ತದೆ. ಇದೇ ಮನೆ 40ರ ಬದಲು 33 ಲಕ್ಷಕ್ಕೆ ಸಿಕ್ಕಿದ್ದರೆ ಲೆಕ್ಕ ಇನ್ನೂ ಸುಧಾರಿಸುತ್ತಿತ್ತು. ಲಾಭ ನಿಶ್ಚಯವಾಗುವುದು ಕೊಳ್ಳುವ ದಿನ. ಬಹುಕಾಲದಿಂದ ಖಾಲಿ ಬಿದ್ದ, ನೋಡಲು ಅಸಹ್ಯವಾದ, ಆದರೆ ಅಡಿಪಾಯ ಗಟ್ಟಿಯಾಗಿರುವ ಮನೆಯನ್ನು ಹುಡುಕಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಹತ್ತು ಜನ ಬೇಡವೆಂದ ಮನೆಯಲ್ಲಿ, ಬೇಡವೆಂದದ್ದು ಯಾವ ಕಾರಣಕ್ಕೆ ಎಂಬುದನ್ನು ಕಂಡುಹಿಡಿಯಬಲ್ಲವನಿಗೆ ಅವಕಾಶವಿದೆ.

ಆ ಕಾರಣ ಹೆಚ್ಚಾಗಿ ಎರಡರಲ್ಲಿ ಒಂದಾಗಿರುತ್ತದೆ: ದಾಖಲೆಯ ದೋಷ, ಇಲ್ಲವೇ ಕಟ್ಟಡದ ದೋಷ. ಕಟ್ಟಡದ ದೋಷವನ್ನು ಹಣ ಕೊಟ್ಟು ಸರಿಪಡಿಸಬಹುದು. ದಾಖಲೆಯ ದೋಷ ಕೆಲವೊಮ್ಮೆ ಮಕ್ಕಳ ಕಾಲಕ್ಕೂ ಸರಿಯಾಗುವುದಿಲ್ಲ. ಆದ್ದರಿಂದ ದಾಖಲೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ತಾಳ್ಮೆಯಿಂದ ಕೇಳಬೇಕು.

ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎಂದು ಕರೆಯುವ ಕಾಗದ, ಉಪನೋಂದಣಾಧಿಕಾರಿ ಕಚೇರಿಯಿಂದ ಅಥವಾ ಕಾವೇರಿ ಜಾಲತಾಣದಿಂದ ಸಿಗುತ್ತದೆ. ನಮೂನೆ 15ರಲ್ಲಿ ಬಂದರೆ ವ್ಯವಹಾರಗಳಿವೆ, ನಮೂನೆ 16ರಲ್ಲಿ ಬಂದರೆ ಆ ಅವಧಿಯಲ್ಲಿ ಯಾವುದೂ ನೋಂದಣಿಯಾಗಿಲ್ಲ ಎಂದರ್ಥ. ಗಣಕೀಕೃತ ದಾಖಲೆ ಸಿಗುವುದು 2004ರಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ಕನಿಷ್ಠ ಮೂವತ್ತು ವರ್ಷದ ಇತಿಹಾಸ ನೋಡದೆ ಮುಂಗಡ ಕೊಡಬೇಡಿ. ಇ.ಸಿ. ಶುದ್ಧವಾಗಿದೆ ಎಂದರೆ ಎಲ್ಲವೂ ಶುದ್ಧ ಎಂದಲ್ಲ. ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ, ಉಯಿಲು ಇವು ಅದರಲ್ಲಿ ಕಾಣಿಸದೇ ಇರಬಹುದು.

ಮುಸ್ಲಿಂ ಕುಟುಂಬದ ಆಸ್ತಿಯಾದರೆ ಬಾಯಿಮಾತಿನ ಹಿಬಾವನ್ನೂ ಈ ಪಟ್ಟಿಗೆ ಸೇರಿಸಬೇಕು. ದಾನ ಮಾಡುವವನ ಘೋಷಣೆ, ಪಡೆಯುವವನ ಒಪ್ಪಿಗೆ, ಸ್ವಾಧೀನದ ಹಸ್ತಾಂತರ ಈ ಮೂರೂ ಇದ್ದರೆ ನೋಂದಣಿ ಇಲ್ಲದೆಯೂ ಹಿಬಾ ಸಿಂಧುವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಮನೆಯ ಸ್ವಾಧೀನದಲ್ಲಿ ಯಾರಿದ್ದಾರೆ, ಯಾವ ಹಕ್ಕಿನಿಂದ ಇದ್ದಾರೆ ಎಂಬುದನ್ನು ಸ್ಥಳಕ್ಕೆ ಹೋಗಿ ಕೇಳಿಯೇ ತಿಳಿಯಬೇಕು. ಹಿಂದಿನ ಕೋಣೆಯಲ್ಲಿ ವಾಸವಾಗಿರುವ ವಿಧವೆ ಅತ್ತೆಯನ್ನು "ಅವರು ಸುಮ್ಮನೆ ಇದ್ದಾರೆ" ಎಂದು ಮಾರುವವರು ಹೇಳಿದರೆ ನಂಬಿ ಮುಂದುವರಿಯಬೇಡಿ, ಅವರ ಜೊತೆಗೇ ಕುಳಿತು ಮಾತನಾಡಿ.

ಹಳೆಯ ಮನೆಗಳ ವ್ಯವಹಾರದಲ್ಲಿ ಅತಿ ಹೆಚ್ಚು ತಕರಾರು ಬರುವುದು ವಾರಸುದಾರರ ಸಹಿಯಲ್ಲಿ. ಮುಸ್ಲಿಂ ಕಾನೂನಿನಂತೆ ತಂದೆ ತೀರಿಹೋದ ಕ್ಷಣದಲ್ಲಿಯೇ ಮಕ್ಕಳೆಲ್ಲರೂ, ಹೆಣ್ಣುಮಕ್ಕಳೂ ಸೇರಿ, ಪಾಲುದಾರರಾಗುತ್ತಾರೆ. ಮಕ್ಕಳಿದ್ದಾಗ ಪತ್ನಿಗೆ ಎಂಟನೆಯ ಒಂದು ಪಾಲು, ಉಳಿದುದರಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಸಹೋದರರು ಮಾತ್ರ ಸಹಿ ಹಾಕಿ, ಮದುವೆಯಾಗಿ ಹೋದ ಸಹೋದರಿಯರ ಹೆಸರನ್ನೇ ವಂಶವೃಕ್ಷದಿಂದ ಬಿಟ್ಟಿರುವ ಪ್ರಕರಣಗಳು ಕಡಿಮೆಯಲ್ಲ. ಅಂತಹ ಮನೆ ಕೊಂಡವನಿಗೆ ಸಿಗುವುದು ಸಹಿ ಹಾಕಿದವರ ಪಾಲು ಮಾತ್ರ. ಸಹೋದರಿಯ ಹಕ್ಕು ಹಾಗೆಯೇ ಉಳಿಯುತ್ತದೆ. ಇನ್ನೊಬ್ಬರ ಹಕ್ಕನ್ನು ನುಂಗಿ ಕಡಿಮೆ ಬೆಲೆಗೆ ಸಿಕ್ಕ ಮನೆಯನ್ನು ಅಗ್ಗವೆಂದು ನಾನು ಕರೆಯುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿಯೂ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ತಂದೆ ಆ ದಿನ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ನಮ್ಮ ಜಿಲ್ಲೆಯ ಅಳಿಯಸಂತಾನ ಕುಟುಂಬಗಳ ಹಳೆಯ ಆಸ್ತಿಯಾದರೆ ಪಾಲಿನ ಇತಿಹಾಸವನ್ನು ತಿಳಿದ ವಕೀಲರೇ ಬೇಕು. ಪಾಲುದಾರರಲ್ಲಿ ಅಪ್ರಾಪ್ತ ವಯಸ್ಸಿನ ಅನಾಥ ಮಕ್ಕಳಿದ್ದರೆ ತಾಯಿಯ ಅಥವಾ ಚಿಕ್ಕಪ್ಪನ ಸಹಿ ಸಾಲದು, ನ್ಯಾಯಾಲಯದ ಅನುಮತಿ ಬೇಕು.

ಇನ್ನು ಜಾಗದ ಮೂಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಅನೇಕ ಜಾಗಗಳು ಮೂಲಗೇಣಿ, ಚಾಲಗೇಣಿಯವು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಪಡೆದ 'ಡಿಕ್ಲರೇಶನ್' ಜಾಗಗಳು ಇನ್ನೆಷ್ಟೋ. ಆ ಆದೇಶದ ಪ್ರತಿ ಇದೆಯೇ ನೋಡಿ. ಮನೆಯ ಹಿಂದಿನ ಗುಡ್ಡವನ್ನು ತೋರಿಸಿ "ಇದೂ ನಮ್ಮದೇ" ಎಂದರೆ ಅದು ಕುಮ್ಕಿ ಆಗಿರಬಹುದು. ಕುಮ್ಕಿ ಸರಕಾರದ ಜಾಗ, ವರ್ಗದಾರನಿಗೆ ಸೊಪ್ಪು ಸೌದೆಯ ಸವಲತ್ತು ಇದೆಯೇ ಹೊರತು ಮಾರುವ ಹಕ್ಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಾಗವಾದರೆ 1978ರ ಕಾಯಿದೆಯಂತೆ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಮರಳಿ ಕೇಳಲು ಕಾಲಮಿತಿಯೂ ಇಲ್ಲ. ವಕ್ಫ್ ಅಥವಾ ದೇವಸ್ಥಾನದ ಸೊತ್ತಿನ ಮೇಲೆ ತಲೆಮಾರುಗಳಿಂದ ಬಾಡಿಗೆಗಿರುವವರು ತಮ್ಮದೆಂದು ಮಾರಲು ಬರುವುದುಂಟು. ಅದರ ಹತ್ತಿರ ಹೋಗಲೇಬೇಡಿ.

ಕೃಷಿ ಜಾಗದಲ್ಲಿ ಮನೆಯಿದ್ದರೆ ಭೂಪರಿವರ್ತನೆಯ ಆದೇಶ, ಗ್ರಾಮ ಪಂಚಾಯತ್ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರವಾದರೆ ಇ-ಖಾತಾ ಬೇಕು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನಗರದ ಆಸ್ತಿಗಳ ನೋಂದಣಿಯೇ ಆಗುತ್ತಿಲ್ಲ. ಖಾತಾ ಎನ್ನುವುದು ತೆರಿಗೆ ಕಟ್ಟುವ ಲೆಕ್ಕ, ಅದೇ ಒಡೆತನದ ಪತ್ರವಲ್ಲ ಎಂಬುದನ್ನೂ ಮರೆಯಬಾರದು. ಮುಖ್ತ್ಯಾರ್‌ನಾಮೆ ಮತ್ತು ಕರಾರು ಪತ್ರದ ಆಧಾರದಲ್ಲಿ 'ಜಿ.ಪಿ.ಎ. ಮಾರಾಟ' ಎಂದು ನಡೆಯುತ್ತಿದ್ದ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಆದರೂ ಇಂದಿಗೂ ಅಂತಹ ಕಾಗದ ಹಿಡಿದು ಬರುವವರಿದ್ದಾರೆ.

ಕೊಲ್ಲಿಯಲ್ಲಿ ದುಡಿಯುತ್ತಿರುವವರ ಮನೆಯವರು ಇಲ್ಲಿ ಬಹಳ ಮಂದಿ ಇದ್ದೀರಿ, ನಿಮಗೆ ಮೂರು ವಿಷಯ ಹೇಳಬೇಕು. ಅನಿವಾಸಿ ಭಾರತೀಯರು ಮನೆ, ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ, ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಆದ್ದರಿಂದ 'ಮನೆ ಮತ್ತು ಅಡಿಕೆ ತೋಟ' ಎಂದು ಒಂದೇ ಕ್ರಯಪತ್ರ ಮಾಡಿಸುವ ಮೊದಲು ವಿಚಾರಿಸಿ. ಎರಡನೆಯದು, ಮಾರುವವನು ಅನಿವಾಸಿಯಾದರೆ ಕೊಳ್ಳುವವನು ಮುರಿದುಕೊಳ್ಳಬೇಕಾದ ತೆರಿಗೆಯ ನಿಯಮವೇ ಬೇರೆ. ಸ್ಥಳೀಯನಿಂದ 50 ಲಕ್ಷ ಅಥವಾ ಹೆಚ್ಚಿನ ಆಸ್ತಿ ಕೊಂಡರೆ ಶೇ. 1 ಸಾಕು, ಅನಿವಾಸಿಯಿಂದ ಕೊಂಡರೆ ಮೊತ್ತ ಎಷ್ಟೇ ಇರಲಿ, ಹೆಚ್ಚಿನ ದರದಲ್ಲಿ ಮುರಿದು ಕಟ್ಟುವ ಹೊಣೆ ಕೊಳ್ಳುವವನದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ದುಬೈಯಲ್ಲಿರುವ ಅಣ್ಣ ಹಣ ಕಳುಹಿಸುತ್ತಾನೆ, ಊರಿನಲ್ಲಿರುವ ತಮ್ಮನ ಹೆಸರಿನಲ್ಲಿ ಮನೆ ನೋಂದಣಿಯಾಗುತ್ತದೆ. ನಂಬಿಕೆಯಿಂದಲೇ ಮಾಡುವುದು, ಕೆಟ್ಟ ಉದ್ದೇಶ ಯಾರಿಗೂ ಇರುವುದಿಲ್ಲ. ಆದರೆ 2016ರಲ್ಲಿ ತಿದ್ದುಪಡಿಯಾದ ಬೇನಾಮಿ ಕಾಯಿದೆಯಲ್ಲಿ ಪತ್ನಿ ಮತ್ತು ಮಕ್ಕಳ ಹೆಸರಿನಲ್ಲಿ ಗೊತ್ತಿರುವ ಮೂಲದ ಹಣದಿಂದ ಕೊಳ್ಳಲು ವಿನಾಯಿತಿ ಇದೆ. ಸಹೋದರ, ಸಹೋದರಿ, ತಂದೆ ತಾಯಿಯರ ವಿಷಯದಲ್ಲಿ, ದಾಖಲೆಯಲ್ಲಿ ಹಣ ಕೊಟ್ಟವನ ಹೆಸರೂ ಜಂಟಿಯಾಗಿ ಇದ್ದರೆ ಮಾತ್ರ ವಿನಾಯಿತಿ. ಕಾನೂನನ್ನು ಬದಿಗಿಟ್ಟರೂ, ತಮ್ಮ ಅಕಾಲದಲ್ಲಿ ತೀರಿಹೋದರೆ ಆ ಮನೆ ಅವನ ಪತ್ನಿ ಮಕ್ಕಳ ವಾರಸು. ಇಪ್ಪತ್ತು ವರ್ಷ ಮರಳುಗಾಡಿನಲ್ಲಿ ಬೆವರು ಸುರಿಸಿದವನು ತನ್ನದೇ ಹಣದ ಮನೆಯ ಜಗಲಿಯಲ್ಲಿ ಅತಿಥಿಯಂತೆ ಕೂರಬೇಕಾಗುತ್ತದೆ. ಜಂಟಿ ಹೆಸರು ಹಾಕಿಸಿ, ಕ್ರಯಪತ್ರದಲ್ಲಿಯೇ ಯಾರ ಪಾಲು ಶೇಕಡಾ ಎಷ್ಟು ಎಂದು ಬರೆಸಿ. ಅಲ್ಲಿಂದ ಬರಲಾಗದಿದ್ದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ, ಈ ಒಂದು ವ್ಯವಹಾರಕ್ಕೆ ಸೀಮಿತವಾದ ಮುಖ್ತ್ಯಾರ್‌ನಾಮೆ ಕಳುಹಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಮುಂಗಡ ಹಣದ ಬಗ್ಗೆ ಒಂದೇ ಮಾತು: ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು 2015ರಿಂದ ಕಾನೂನು ನಿಷೇಧಿಸಿದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಇರಲಿ.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ಹಳೆಯ ಮನೆಯನ್ನು ಯಾವಾಗ ನೋಡಬೇಕು? ಎಲ್ಲರೂ ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ನೋಡುತ್ತಾರೆ. ನಾನು ಹೇಳುವುದು, ಆಟಿ ತಿಂಗಳಲ್ಲಿ ಹೋಗಿ, ಜೋರು ಮಳೆ ಬರುತ್ತಿರುವಾಗ ಹೋಗಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನೆಯ ಗುಟ್ಟನ್ನೆಲ್ಲಾ ಆ ಮಳೆ ಬಯಲು ಮಾಡುತ್ತದೆ. ಬೇಸಿಗೆಯಲ್ಲಿ ಇನ್ನೊಮ್ಮೆ, ಏಪ್ರಿಲ್ ಕೊನೆಗೆ ಹೋಗಿ ಬಾವಿಯ ನೀರು ಕುಡಿದು ನೋಡಿ. ನದಿಯ ಅಳಿವೆಯ ಹತ್ತಿರದ ಬಾವಿಗಳು ಆಗ ಉಪ್ಪಾಗುತ್ತವೆ. ಬಾವಿಗೂ ನೆರೆಯವರ ಶೌಚಗುಂಡಿಗೂ ಎಷ್ಟು ಅಂತರವಿದೆ ಎಂಬುದನ್ನೂ ಗಮನಿಸಿ.

ಒಳಗೆ ಹೋದ ಮೇಲೆ, ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ತೇವವಿದೆ ಎಂದೇ ತಿಳಿಯಿರಿ. ಬಿಳಿ ಪುಡಿ ಏಳುತ್ತಿದ್ದರೆ ಅದು ಗೋಡೆಯೊಳಗಿನ ಲವಣ. ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿ. ಬಾಗಿಲ ದಾರಂದವನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗಿನಿಂದ ತಿಂದಿದೆ. ಹೊರಗೆ ನಿಂತು ರಸ್ತೆಯ ಮಟ್ಟ ನೋಡಿ. ಮಂಗಳೂರಿನ ರಸ್ತೆಗಳಿಗೆ ಕಾಂಕ್ರೀಟು ಹಾಕುತ್ತಾ ಹೋದಂತೆ ಅನೇಕ ಹಳೆಯ ಮನೆಗಳ ಅಂಗಳ ರಸ್ತೆಗಿಂತ ಕೆಳಗಾಗಿದೆ. ಬೀದಿಯ ನೀರೆಲ್ಲಾ ಒಳಗೆ ಬರುವ ಮನೆಗೆ ಎಷ್ಟು ಅಮೃತಶಿಲೆ ಹಾಸಿದರೂ ಬಾಡಿಗೆದಾರ ಎರಡನೆಯ ಮಳೆಗಾಲಕ್ಕೆ ನಿಲ್ಲುವುದಿಲ್ಲ.

ನಮ್ಮಲ್ಲಿ ಎರಡು ಬಗೆಯ ಹಳೆಯ ಮನೆಗಳು ಸಿಗುತ್ತವೆ. ಒಂದು, ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು ಇರುವುದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಬಗೆಯ ಮನೆ ಕರಾವಳಿಯುದ್ದಕ್ಕೂ ಹಬ್ಬಿತು. ಇವನ್ನು ಕಂಡ ಕೂಡಲೇ ಕೆಡವಲು ಹೊರಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಗೋಡೆ ಲಂಬವಾಗಿದ್ದು, ಪಕ್ಕಾಸು ಗಟ್ಟಿಯಾಗಿದ್ದರೆ ಇದನ್ನು ದುರಸ್ತಿ ಮಾಡುವುದು ಎಷ್ಟೋ ಸುಲಭ. ಹೆಂಚು ಇಳಿಸಿ, ಹಾಳಾದ ರೀಪುಗಳನ್ನು ಬದಲಿಸಿ, ಗೆದ್ದಲಿನ ಔಷಧಿ ಹಚ್ಚಿ, ಒಡೆದವನ್ನು ಮಾತ್ರ ಬದಲಿಸಿ ಮತ್ತೆ ಹೊದಿಸಬಹುದು. ಹಳೆಯ ಕಟ್ಟಡಗಳಿಂದ ಇಳಿಸಿದ ಹೆಂಚುಗಳು ಮಾರಾಟಕ್ಕೆ ಸಿಗುತ್ತವೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಗಾರೆ ಬಳಿಯುವುದೇ ಜನ ಹೆಚ್ಚಾಗಿ ಮಾಡುವ ಕೆಡುಕು. ಕೆಂಪುಕಲ್ಲು ನೀರು ಹೀರಿ ಸುಣ್ಣದ ಮೂಲಕ ಬಿಡುತ್ತದೆ. ಮೇಲೆ ಸಿಮೆಂಟ್ ಬಿಗಿದರೆ ತೇವ ಒಳಗೇ ಉಳಿದು, ಎರಡು ಮೂರು ಮಳೆಗಾಲದಲ್ಲಿ ಗಾರೆ ಹಪ್ಪಳದಂತೆ ಏಳುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಈಗ ವಿರಳ, ಆದರೆ ಹುಡುಕಿದರೆ ಸಿಗುತ್ತಾರೆ.

ಇನ್ನೊಂದು, 1980, 90ರ ದಶಕದ ತಾರಸಿ ಮನೆ. ಇದು ನೋಡಲು ಹೊಸದಾಗಿ ಕಂಡರೂ ಹೆಚ್ಚು ಅಪಾಯಕಾರಿ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಸಾಕಷ್ಟು ಹೊದಿಕೆ ಇಲ್ಲದಿದ್ದರೆ, ಅಥವಾ ಅಳಿವೆಯ ಉಪ್ಪು ಮರಳು ಬಳಸಿದ್ದರೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದ ಕಾಂಕ್ರೀಟನ್ನು ಸೀಳುತ್ತದೆ. ಮೊದಲು ಸಜ್ಜಾ, ಬಾಲ್ಕನಿ, ಸ್ನಾನದ ಮನೆಯ ಅಡಿಭಾಗ ನೋಡಿ. ಚಿಕ್ಕ ಸುತ್ತಿಗೆಯಿಂದ ಛಾವಣಿಯ ಅಡಿಯನ್ನು ತಟ್ಟುತ್ತಾ ಹೋಗಿ, ಟೊಳ್ಳು ಸದ್ದಿನ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ. ಅಲ್ಲಲ್ಲಿ ಇದ್ದರೆ, ಸಡಿಲ ಕಾಂಕ್ರೀಟ್ ತೆಗೆದು, ಕಬ್ಬಿಣ ಉಜ್ಜಿ, ತುಕ್ಕು ನಿರೋಧಕ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆ ತುಂಬಬಹುದು. ಛಾವಣಿಯ ಅರ್ಧಕ್ಕಿಂತ ಹೆಚ್ಚು ಭಾಗ ಟೊಳ್ಳಾಗಿದ್ದರೆ ಮನೆಗೆ ಬೆಲೆ ಕಟ್ಟಬೇಡಿ, ಜಾಗದ ಬೆಲೆಯಿಂದ ಕೆಡವುವ ಖರ್ಚು ಕಳೆದು ಮಾತನಾಡಿ. ಮೇಲೆ ತಗಡಿನ ಮಾಡು ಹಾಕಿಬಿಟ್ಟರೆ ಎಲ್ಲವೂ ಸರಿಹೋಯಿತು ಎನ್ನುವವರಿದ್ದಾರೆ. ಅದು ಸೋರುವುದನ್ನು ತಡೆಯುತ್ತದೆ, ತುಕ್ಕು ಹಿಡಿದಾಗಿರುವ ಕಬ್ಬಿಣವನ್ನು ಗುಣಪಡಿಸುವುದಿಲ್ಲ.

ಕೆಡವಿ ಕಟ್ಟುವ ಆಲೋಚನೆ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಹಳೆಯ ಮನೆ ಬೀಳಿಸಿದ ಕ್ಷಣ ಇಂದಿನ ನಿಯಮಗಳು ಅನ್ವಯವಾಗುತ್ತವೆ: ಸುತ್ತ ಬಿಡಬೇಕಾದ ಜಾಗ, ರಸ್ತೆ ಅಗಲೀಕರಣದ ಗೆರೆ, ಸಮುದ್ರ ಅಥವಾ ನದಿಯ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧ. ನಾಲ್ಕು ಸೆಂಟ್ಸ್ ಜಾಗದಲ್ಲಿ ನಿಂತಿರುವ ಹಳೆಯ ಮನೆಯ ಜಾಗದಲ್ಲಿ ಅಷ್ಟೇ ದೊಡ್ಡ ಹೊಸ ಮನೆಗೆ ಅನುಮತಿ ಸಿಗದೇ ಹೋಗಬಹುದು.

ದುರಸ್ತಿಯ ಹಣವನ್ನು ಯಾವುದಕ್ಕೆ ಹಾಕಬೇಕು ಎಂದರೆ, ಮೊದಲು ಮಾಡು, ನೀರು ಹರಿದುಹೋಗುವ ಚರಂಡಿ, ವಿದ್ಯುತ್, ನಳ್ಳಿ. ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದಿಲ್ಲ. ತಂತಿ ಪೂರ್ತಿ ಬದಲಿಸಿ, ಸೋರಿಕೆ ಕಂಡಾಗ ತಾನಾಗಿ ಕಡಿತಗೊಳಿಸುವ ಆರ್.ಸಿ.ಸಿ.ಬಿ. ಹಾಕಿಸಿ. ಬಾಡಿಗೆದಾರನ ಮಗುವಿನ ಜೀವದ ಪ್ರಶ್ನೆ ಇದು, ಉಳಿತಾಯ ಮಾಡುವ ಜಾಗವಲ್ಲ. ನಂತರ ಸ್ನಾನದ ಮನೆ ಮತ್ತು ಅಡುಗೆಕೋಣೆ. ಮನೆ ನೋಡಲು ಬರುವ ಗೃಹಿಣಿ ನಿರ್ಧಾರ ಮಾಡುವುದು ಇವೆರಡನ್ನು ನೋಡಿ. ಸುಳ್ಳು ಛಾವಣಿ, ದುಬಾರಿ ದೀಪ, ಕಲ್ಲಿನ ಅಲಂಕಾರ ಇವು ಬಾಡಿಗೆಗೆ ನೂರು ರೂಪಾಯಿಯನ್ನೂ ಸೇರಿಸುವುದಿಲ್ಲ.

ಬಾಡಿಗೆದಾರರ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಲಿಖಿತ ಕರಾರು ಇರಲಿ, ಬಾಡಿಗೆ ಬ್ಯಾಂಕಿನ ಮೂಲಕ ಬರಲಿ. ಬೆಂಗಳೂರಿಗೆ ಓದಲು ಹೋದ ನಮ್ಮ ವಿದ್ಯಾರ್ಥಿಗಳಿಗೆ ಹೆಸರು ಕೇಳಿದ ಕೂಡಲೇ "ಮನೆ ಕೊಟ್ಟಾಯಿತು" ಎಂಬ ಉತ್ತರ ಸಿಕ್ಕಿದ ಅನುಭವವಿದೆ. ನಾಳೆ ನೀವು ಮನೆಯ ಮಾಲಿಕರಾದಾಗ ಬಾಗಿಲಲ್ಲಿ ನಿಂತವರ ಹೆಸರಿಗಿಂತ ಸಂಬಳದ ಚೀಟಿಯನ್ನು ನೋಡಿದರೆ ವ್ಯವಹಾರಕ್ಕೂ ಒಳ್ಳೆಯದು.

ಹಣ ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬ್ಯಾಂಕ್ ಸಾಲ ಪಡೆಯುವವರು ಇದನ್ನು ತಿಳಿದಿರಿ: 30 ಲಕ್ಷವನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 26 ಸಾವಿರ. ನಾವು ಮೇಲೆ ಲೆಕ್ಕ ಹಾಕಿದ ಬಾಡಿಗೆ 16 ಸಾವಿರ. ಉಳಿದ ಹತ್ತು ಸಾವಿರ ನಿಮ್ಮ ಸಂಬಳದಿಂದ ಹೋಗಬೇಕು, ಕೆಲಸ ಹೋದ ತಿಂಗಳೂ ಹೋಗಬೇಕು. ಬಾಡಿಗೆಯಿಂದಲೇ ಸಾಲ ತೀರುತ್ತದೆ ಎಂದು ಹೇಳುವ ದಲ್ಲಾಳಿಯ ಹತ್ತಿರ ಈ ಲೆಕ್ಕ ಕೇಳಿ ನೋಡಿ. ಬಡ್ಡಿಯ ವ್ಯವಹಾರ ಬೇಡವೆನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಇರುವ ದಾರಿ ಪಾಲುದಾರಿಕೆ. ಮೂರು ನಾಲ್ಕು ಮಂದಿ ಸಹೋದರರು, ಸಹೋದರಿಯರು, ಗೆಳೆಯರು ಸೇರಿ ಒಂದು ಚಿಕ್ಕ ಮನೆ ಕೊಳ್ಳಬಹುದು. ಆದರೆ ಕೊಳ್ಳುವ ಮೊದಲೇ ಬರೆದಿಡಬೇಕಾದವು ಕೆಲವಿವೆ: ಯಾರ ಹಣ ಎಷ್ಟು, ಬಾಡಿಗೆ ಹಂಚಿಕೆ ಹೇಗೆ, ಮೇಸ್ತ್ರಿಯ ಹಿಂದೆ ಓಡಾಡುವವನಿಗೆ ಪ್ರತ್ಯೇಕ ಸಂಭಾವನೆ ಇದೆಯೇ, ಒಬ್ಬನಿಗೆ ಮಗಳ ಮದುವೆಗೆ ಹಣ ಬೇಕಾಗಿ ಹೊರಹೋಗಬೇಕೆಂದರೆ ಅವನ ಪಾಲಿಗೆ ಬೆಲೆ ಕಟ್ಟುವುದು ಹೇಗೆ. ಸಂಬಂಧಿಕರ ನಡುವೆ ಕಾಗದ ಯಾಕೆ ಎನ್ನುತ್ತಾರೆ. ಸಂಬಂಧ ಉಳಿಯಲೆಂದೇ ಕಾಗದ ಬೇಕು.

ವಿದ್ಯಾರ್ಥಿಗಳ ಕೈಯಲ್ಲಿ ಈಗ ಹಣವಿಲ್ಲ. ಆದರೂ ಈ ವಿದ್ಯೆಯನ್ನು ಈಗಲೇ ಕಲಿಯಬಹುದು, ಖರ್ಚಿಲ್ಲದೆ ಕಲಿಯಬಹುದು. ನಿಮ್ಮದೇ ಮನೆಯ ಪಹಣಿ, ಇ.ಸಿ., ಕ್ರಯಪತ್ರ ತೆಗೆದು ಓದಿ. ಒಂದು ಸೆಂಟ್ಸ್ ಎಂದರೆ 435.6 ಚದರಡಿ, ಒಂದು ಗುಂಟೆ ಎಂದರೆ 1,089 ಚದರಡಿ. ಟೇಪು ಹಿಡಿದು ಅಂಗಳ ಅಳೆದು, ಕಾಗದದಲ್ಲಿ ಇರುವಷ್ಟು ಜಾಗ ನೆಲದ ಮೇಲೆ ಇದೆಯೇ ನೋಡಿ. ಕಾನೂನು ಓದುತ್ತಿರುವ ಹೆಣ್ಣುಮಕ್ಕಳು ಇಲ್ಲಿದ್ದೀರಿ. ಹಕ್ಕುಪತ್ರ ಪರಿಶೀಲನೆ ಮನೆಯಿಂದಲೂ ಮಾಡಬಹುದಾದ, ಬೇಡಿಕೆಯಿರುವ ವೃತ್ತಿ. ಡಿಪ್ಲೊಮಾ, ಐ.ಟಿ.ಐ. ಮಾಡುತ್ತಿರುವವರು ರಜೆಯಲ್ಲಿ ಹಳೆಯ ಮಾಡು ರಿಪೇರಿ ಮಾಡುವ ಬಡಗಿಯ ಜೊತೆ ಒಂದು ವಾರ ನಿಲ್ಲಿ. ಪಕ್ಕಾಸು, ರೀಪು ಕೂಡಿಸಬಲ್ಲ ಕೈಗಳು ಕಡಿಮೆಯಾಗುತ್ತಿವೆ.

ಸಭಾಂಗಣದ ಹಿಂದಿನ ಮೇಜಿನ ಮೇಲೆ ಹಳೆಯ ಕ್ರಯಪತ್ರವೊಂದರ ಪ್ರತಿಯನ್ನು, ಹೆಸರುಗಳನ್ನು ಅಳಿಸಿ ಇಟ್ಟಿದ್ದೇನೆ. ಜೊತೆಗೆ ಅದೇ ಜಾಗದ ನಕ್ಷೆಯೂ ಇದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಓಣಿ ಎಂದಿದೆ, ನಕ್ಷೆಯಲ್ಲಿ ಆ ಓಣಿ ಇಲ್ಲ. ಊಟದ ವಿರಾಮದಲ್ಲಿ ಎರಡನ್ನೂ ನೋಡಿ, ಓಣಿ ಎಲ್ಲಿ ಹೋಯಿತು ಎಂದು ಊಹಿಸಿ ಬನ್ನಿ. ಪ್ರಶ್ನೋತ್ತರವನ್ನು ಅಲ್ಲಿಂದಲೇ ಆರಂಭಿಸೋಣ.